ಓರ್ವಲ್‌ನ ಎರಡು ಅಂಕ

ಓರ್ವಲ್ ಹೆಕ್ಸಮ್‌ನಂಥ ಹಠಮಾರಿಯನ್ನು ಮಿಸಿಸಿಪ್ಪಿಯ ಈಚೆ ದಡದಲ್ಲಿ ನಾನು ಬೇರೆ ಕಂಡಿಲ್ಲ. ಹಾಲಿನ ಕ್ಯಾನು ಸಾಗಿಸಲು ಅವನಪ್ಪ 1949ರಲ್ಲಿ ಕೊಂಡ ಹಸಿರು ಪಿಕಪ್, ಮೂವತ್ತು ವರ್ಷ ಕೊಟ್ಟಿಗೆಯ ಹಿಂದೆ ತುಕ್ಕು ಹಿಡಿದು ಕೋಳಿಗಳಿಗೆ ಮನೆಯಾಗಿತ್ತು. ಹನ್ನೊಂದು ಚಳಿಗಾಲ ಗ್ಯಾರೇಜಿನಲ್ಲಿ ಕೂತು ಓರ್ವಲ್ ಅದಕ್ಕೆ ಜೀವ ತುಂಬಿದ. ಬಾಗಿಲ ಮೇಲೆ ಅಳಿಸಿಹೋಗಿದ್ದ ಅಪ್ಪನ ಹೆಸರನ್ನು ಹಳೆಯ ಗುರುತು ಹಿಡಿದೇ ಬರೆಸಿದ. ಸ್ಕ್ರೂ ಕೂಡ ಆ ಕಾಲದ್ದೇ ಆಗಬೇಕು ಅವನಿಗೆ. ಕಿಟಕಿಯ ಒಂದು ಹಿಡಿಕೆಗಾಗಿ ಮೂರು ರಾಜ್ಯ ದಾಟಿ ಗುಜರಿ ಅಂಗಡಿಗೆ ಹೋಗಿಬಂದಿದ್ದ.

ಮುಂದೆ ಆದದ್ದರಲ್ಲಿ ತಪ್ಪು ಅವನೊಬ್ಬನದಲ್ಲ. ನಮ್ಮ ಹಳೇ ಗಾಡಿಗಳ ಸಂಘದ ಪರೀಕ್ಷಕ ನಾನು. ಜುಲೈ ನಾಲ್ಕರ ಸ್ವಾತಂತ್ರ್ಯ ದಿನದ ಬೆಳಗ್ಗೆ, ಮೆರವಣಿಗೆಗೆ ಮುಂಚೆ, ಚರ್ಚಿನ ಹುಲ್ಲಿನ ಮೇಲೆ ನಿಂತ ಒಂದೊಂದು ಗಾಡಿಯ ಕೆಳಗೂ ಟಾರ್ಚು ಹಿಡಿದು ತೂರುತ್ತೇನೆ. ಒಟ್ಟು ನಾನೂರು ಅಂಕ. ಕಾರ್ಖಾನೆಯಿಂದ ಬಂದಂತೆ ಇರದಿದ್ದರೆ ಕತ್ತರಿ. ಹೋದ ವರ್ಷ ಹೆಂಡತಿ ಆರ್ಲಿಸ್‌ಳ ಕಾಟ ತಾಳದೆ ಓರ್ವಲ್ ಹೊಸ ಕಾಲದ ಜೋಡಿ ಬ್ರೇಕ್ ಹಾಕಿಸಿದ್ದ. ಹಳೆಯದರಲ್ಲಿ ನಾಲ್ಕು ಚಕ್ರಕ್ಕೂ ಒಂದೇ ಬಟ್ಟಲಿನ ಬ್ರೇಕ್ ಆಯಿಲ್; ಎಲ್ಲಿ ಸೋರಿದರೂ ನಾಲ್ಕೂ ಹೋದಂತೆ. ಜೋಡಿಯಲ್ಲಿ ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯುತ್ತದೆ. ಇದೆಲ್ಲ ಗೊತ್ತಿದ್ದೂ ಎರಡು ಅಂಕ ಕಳೆದೆ. ನಿಯಮ ಅಂದರೆ ನಿಯಮ ಎಂಬ ಜಂಬ ನನಗೆ.

ಅವನು ಚಳಿಗಾಲವಿಡೀ ನನ್ನ ಜೊತೆ ಮಾತು ಬಿಟ್ಟ. ಹಿಮ ಕರಗುವ ಹೊತ್ತಿಗೆ ಜೋಡಿ ಬ್ರೇಕ್ ಕಿತ್ತು ಹಳೆಯದನ್ನೇ ಕೂರಿಸಿದನೆಂಬ ಸುದ್ದಿ ಬಂತು. ಇನ್ನು ಆ ಗಾಡಿ ಹತ್ತುವುದಿಲ್ಲ ಎಂದು ಆರ್ಲಿಸ್ ಊರಿಗೆಲ್ಲ ಹೇಳಿದಳು. ಅವಳಿಗಿದ್ದ ಬುದ್ಧಿ ನಮ್ಮಿಬ್ಬರಿಗೂ ಇರಲಿಲ್ಲ.

ಈ ಸಲ ಅವನ ಗಾಡಿಯ ಕೆಳಗೆ ಮಲಗಿದಾಗ ಹಿಂದಿನ ಎಡ ಚಕ್ರದ ಒಳಮೈ ಒದ್ದೆಯಾಗಿತ್ತು. ಏನಿದು ಎಂದೆ.

“ನೀರು ಕಣೋ, ಬೆಳಗ್ಗೆ ತೊಳ್ದೆ,” ಎಂದ ಓರ್ವಲ್. “ಸಾಕು ಮೂಗು ತೂರ್ಸಿದ್ದು, ಎದ್ದು ಅಂಕ ಬರಿ.”

ಬೆರಳಿಟ್ಟು ತಿಕ್ಕಿದೆ. ನೀರು ಹಾಗೆ ಜಾರುವುದಿಲ್ಲ. ಬ್ರೇಕ್ ಆಯಿಲ್ ಅದು. ಎದ್ದು ನೋಡಿದರೆ, ಎಪ್ಪತ್ತೆರಡರ ಆಸಾಮಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಾನೆ. ಇನ್ನೊಂದು ಚಳಿಗಾಲವನ್ನು ಅವನಿಲ್ಲದೆ ಕಳೆಯುವ ಧೈರ್ಯ ನನಗಿರಲಿಲ್ಲ. ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ನಾನೂರು ಬರೆದುಕೊಟ್ಟೆ. ಅವನು ಆ ಚೀಟಿಯನ್ನು ಮುಂದಿನ ಗಾಜಿಗೆ ಸಿಕ್ಕಿಸಿದ.

ನಮ್ಮ ಮೆರವಣಿಗೆ ಚರ್ಚಿನಿಂದ ನದಿಯವರೆಗೆ ಒಂದೇ ಇಳಿಜಾರು. ಮುಂದೆ ಶಾಲೆಯ ಬ್ಯಾಂಡು, ಅದರ ಬೆನ್ನಿಗೇ ಓರ್ವಲ್. ಬಣ್ಣದಂಗಡಿಯ ಎದುರು ನಾನು ನಿಂತಿದ್ದೆ; ಅಲ್ಲಿಗೆ ಬರುವಾಗ ಅವನ ಭುಜ ಒಮ್ಮೆ ಕುಸಿದು ಎದ್ದಿತು, ಮತ್ತೆ ಕುಸಿಯಿತು. ಪೆಡಲ್ ತುಳಿಯುತ್ತಿದ್ದ. ಕೈಬ್ರೇಕ್ ಎಳೆದದ್ದೂ ಕಂಡಿತು; ಆ ಇಳಿಜಾರಿಗೆ ಅದು ಸಾಲಲಿಲ್ಲ. ಹಾರ್ನ್ ಬಾರಿಸಿದ. ಹಬ್ಬದ ಹಾರ್ನ್ ಅಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಬ್ಯಾಂಡಿನ ಕೊನೇ ಸಾಲಿಗೂ ಬಂಪರಿಗೂ ಹತ್ತು ಮಾರು ಉಳಿದಿದ್ದಾಗ ಅವನು ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ, ತಾನು ಕೂತ ಪಕ್ಕವೇ ಮೊದಲು ತಾಗುವಂತೆ ಹಳೇ ಗಿರಣಿಯ ಕಲ್ಲುಗೋಡೆಗೆ ನುಗ್ಗಿಸಿದ. ಕಾರ್ಖಾನೆಯಿಂದ ಬಂದಾಗ ಸೀಟ್ ಬೆಲ್ಟ್ ಇರಲಿಲ್ಲ, ಆದ್ದರಿಂದ ಈಗಲೂ ಇರಲಿಲ್ಲ. ಒಂದು ಮಗುವಿಗೂ ತರಚುಗಾಯ ಆಗಲಿಲ್ಲ.

ಓರ್ವಲ್‌ನನ್ನು ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಆರ್ಲಿಸ್ ತಾನೇ ನನ್ನ ಲೋಟಕ್ಕೆ ಕಾಫಿ ಬಗ್ಗಿಸಿದಳು.

“ನೀನು ಕೆಳಗೆ ಮಲ್ಗಿ ನೋಡಿದ್ಯಲ್ಲ, ಮೈಲೋ. ಚಕ್ರದ ಹತ್ರ ಏನಾದ್ರೂ ಕಂಡಿತ್ತಾ?”

“ನೀರು ಅಂದ್ಕೊಂಡೆ,” ಎಂದೆ.

ಅವಳು ಕಾಫಿ ಪಾತ್ರೆ ಎತ್ತಿಕೊಂಡಳು. “ಅವತ್ತು ಬೆಳಗ್ಗೆ ನಾನು ಕೇಳ್ದಾಗ ಅವ್ನೂ ಅದನ್ನೇ ಹೇಳ್ದ,” ಎಂದು ಪಕ್ಕದ ಮೇಜಿಗೆ ಹೋದಳು.

ಕಾಫಿ ಆರುವವರೆಗೂ ನಾನು ತಲೆ ಎತ್ತಲಿಲ್ಲ.