ದೋಣಿಯ ಮರೆಯ ಒಲೆ

ಎಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ನಾನು ಹತ್ತನೆಯ ತರಗತಿಯ ಪರೀಕ್ಷೆ ಮುಗಿಸಿ ಮನೆಯಲ್ಲಿದ್ದೆ. ಜುಗೂಳದ ನಮ್ಮ ಮನೆಯಲ್ಲಿ ಯಾರೂ ಸಮುದ್ರ ನೋಡಿರಲಿಲ್ಲ, ಕೃಷ್ಣೆಯೇ ನಮಗೆ ದೊಡ್ಡ ನೀರು. ಕೊಂಕಣದ ದಂಡೆಯಲ್ಲಿ ಒಂದು ಸಂಸಾರ ತಮ್ಮ ತೆಂಗಿನ ತೋಟದಲ್ಲೇ ಡೇರೆ ಹಾಕಿ, ರಜೆಗೆ ಬಂದವರನ್ನು ಇಟ್ಟುಕೊಳ್ಳುತ್ತದೆ ಎಂದು ದ್ರಾಕ್ಷಿ ಒಯ್ಯಲು ಬರುತ್ತಿದ್ದ ವ್ಯಾಪಾರಿ ಹೇಳಿದ. ಅಪ್ಪನಿಗೆ ಅಷ್ಟೇ ಸಾಕಾಯಿತು. ಸ್ಟೋವು, ಜೋಳದ ಹಿಟ್ಟು, ಒಣದ್ರಾಕ್ಷಿ, ನೀರು ಸೋಸುವ ಬಟ್ಟೆ ಎಲ್ಲ ಕಟ್ಟಿಕೊಂಡು ಅಪ್ಪ, ಅವ್ವ, ಅಜ್ಜಿ, ತಮ್ಮ ಮತ್ತು ನಾನು ನಿಪ್ಪಾಣಿಗೆ ಹೋಗಿ ಘಾಟಿನ ಬಸ್ಸು ಹತ್ತಿದೆವು.

ಡೇರೆಗಳೆಂದರೆ ತೆಂಗಿನ ಮರಗಳ ನಡುವೆ ಬಿಗಿದ ದಪ್ಪ ಬಟ್ಟೆಯ ತಾಡಪತ್ರಿ, ಒಳಗೆ ಚಾಪೆ. ಪಕ್ಕದಲ್ಲೇ ಅವರ ಹೆಂಚಿನ ಮನೆ, ಒಂದು ಬಾವಿ. ಗಂಡ ನಸುಕಿನಲ್ಲಿ ದೋಣಿ ತೆಗೆದುಕೊಂಡು ಹೋಗುತ್ತಿದ್ದ. ಹೆಂಡತಿ ಬಂದವರನ್ನು ನೋಡಿಕೊಳ್ಳುತ್ತಿದ್ದಳು. ಅವ್ವ ಮೊದಲ ದಿನವೇ ಅವಳನ್ನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯತೊಡಗಿದಳು. ಗಂಡನ ತಾಯಿ, ಕಾಲು ಬಾತ ಮುದುಕಿ, ಕಟ್ಟೆಯ ಮೇಲೆ ಕೂತು ಬಲೆ ಹೆಣೆಯುತ್ತಿದ್ದಳು. ನಮ್ಮ ಕಡೆ ಎಲ್ಲರಿಗೂ ಮರಾಠಿ ಬರುವುದರಿಂದ ಮಾತಿಗೆ ತೊಡಕಿರಲಿಲ್ಲ.

ನಮ್ಮದು ಜೈನರ ಮನೆ. ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು. ಮೊದಲ ಸಂಜೆ ಅಜ್ಜಿ ತಟ್ಟೆಯ ಮುಂದೆ ಕೂತಾಗಲೇ ವೈನಿಯ ಒಲೆಯಿಂದ ಮೀನು ಹುರಿಯುವ ವಾಸನೆ ಬಂತು. ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಎದ್ದುಬಿಟ್ಟಳು. ವಾಸನೆ ಹೋಗುವಷ್ಟರಲ್ಲಿ ಕತ್ತಲಾಗಿತ್ತು. ಅಜ್ಜಿ ಉಪವಾಸ ಮಲಗಿದಳು.

ಬೆಳಿಗ್ಗೆ ಅಪ್ಪ ಹೋಗಿ, ನಾವಿರುವಷ್ಟು ದಿನ ಮನೆಯಲ್ಲಿ ಮೀನು ಬೇಯಿಸಬೇಡಿ ಎಂದು ವೈನಿಗೆ ಹೇಳಿ ಬಂದ. ಮೀನುಗಾರರ ಮನೆಗೆ ಹೋಗಿ ಅಪ್ಪ ಈ ಮಾತನ್ನು ಆಡಿದ್ದರೂ ನಮಗೆ ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ. ಅವಳು ತೊಂದರೆಯಿಲ್ಲ ಎಂದಳಂತೆ. ಆಮೇಲೆ ವಾಸನೆ ಬರಲಿಲ್ಲ. ಬಹಳ ತಿಳಿವಳಿಕೆಯ ಜನ ಎಂದು ಅಜ್ಜಿ ಹೊಗಳಿದಳು.

ಮರುದಿನ ಮಧ್ಯಾಹ್ನ ನಾನು ಚಿಪ್ಪು ಆರಿಸುತ್ತಾ ದಂಡೆಯ ಆ ತುದಿಯ ಬಂಡೆಗಳ ತನಕ ಹೋದೆ. ಬಂಡೆಗಳ ಆಚೆ ಹಳೆಯ ದೋಣಿಯೊಂದನ್ನು ಬೋರಲು ಹಾಕಿದ್ದರು. ಅದರ ಮರೆಯಲ್ಲಿ ಮೂರು ಕಲ್ಲಿಟ್ಟು ವೈನಿ ಅಡುಗೆ ಮಾಡುತ್ತಿದ್ದಳು. ದೋಣಿಯ ಗೇಣಗಲದ ನೆರಳಿನಲ್ಲಿ ಮುದುಕಿ ಬಾತ ಕಾಲು ಚಾಚಿ ಉಣ್ಣುತ್ತಿದ್ದಳು. ಆ ಸುಡುವ ಉಸುಕಿನಲ್ಲಿ ಅವಳನ್ನು ಅಲ್ಲಿಯವರೆಗೆ ಯಾರು ಕರೆತಂದರೋ. ನನ್ನನ್ನು ಕಂಡದ್ದೇ ವೈನಿ ಕಳವಿನಲ್ಲಿ ಸಿಕ್ಕವಳಂತೆ ಗಡಬಡಿಸಿ ಗಡಿಗೆಯ ಬಾಯಿ ಮುಚ್ಚಿದಳು.

"ಈ ಕಡೆ ಬರಬೇಡ ಮಗಳೇ, ವಾಸನೆ ಬರ್ತದೆ," ಎಂದಳು ಮರಾಠಿಯಲ್ಲಿ.

ಅವಳ ದನಿಯಲ್ಲಿ ಸಿಟ್ಟಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಇದ್ದದ್ದು ಸಂಕೋಚ. ಮುದುಕಿ ತುತ್ತನ್ನು ಕೈಯಲ್ಲೇ ಹಿಡಿದು, ನಾನು ಹೋಗಲೆಂದು ಕಾಯುತ್ತಿದ್ದಳು. ಉಡಿಯಲ್ಲಿದ್ದ ಚಿಪ್ಪುಗಳನ್ನೆಲ್ಲ ಅಲ್ಲೇ ಚೆಲ್ಲಿ ಓಡಿ ಬಂದೆ.

ಡೇರೆಯಲ್ಲಿ ಕಂಡದ್ದನ್ನೆಲ್ಲ ಹೇಳಿದೆ. ಅವ್ವ ತಲೆ ತಗ್ಗಿಸಿದಳು. ಅಪ್ಪ ಮಾತ್ರ, "ಅವರಾಗೇ ಹೂಂ ಅಂದಾರಲ್ಲ?" ಎಂದ.

"ಹೊಟ್ಟಿಪಾಡಿಗೆ ಅಂದಾರ," ಎಂದಳು ಅಜ್ಜಿ. "ಮನಿ ಅವರದು, ಒಲಿ ಅವರದು. ಅವರನ್ನ ನಾವು ಹೊರಗ ಹಾಕೀವಿ."

ಅಪ್ಪನ ಮುಖ ಕೆಂಪಗಾಯಿತು. ಅಜ್ಜಿ ಕೋಲು ಹಿಡಿದು, ನನ್ನ ಹೆಗಲ ಮೇಲೆ ಕೈಯಿಟ್ಟು, ಕಾಲು ಹೂತುಹೋಗುವ ಉಸುಕಿನಲ್ಲಿ ದೋಣಿಯ ತನಕ ನಡೆದಳು. ಅಲ್ಲಿ ತನ್ನ ಅರ್ಧ ಕನ್ನಡದ ಮರಾಠಿಯಲ್ಲಿ, ಮನೆಗೆ ಹೋಗಿ ಉಣ್ಣಿರಿ, ತಪ್ಪಾಯಿತು ಎಂದಳು. ವೈನಿ ಗಾಬರಿಯಾಗಿ, ಇಲ್ಲಿ ಗಾಳಿ ಚೆನ್ನಾಗಿ ಬರುತ್ತದೆ ಎಂದೇನೋ ಸುಳ್ಳು ಹೇಳಿದಳು. ಮುದುಕಿ ಮಾತ್ರ ಅಜ್ಜಿಯ ಕಡೆ ಕೈಚಾಚಿ, ಹಾಗಾದರೆ ನನ್ನನ್ನು ಎಬ್ಬಿಸು ಎಂದಳು. ಇಬ್ಬರು ಮುದುಕಿಯರೂ ಒಬ್ಬರಿಗೊಬ್ಬರು ಆತುಕೊಂಡು ಮನೆಗೆ ಬಂದರು. ಗಡಿಗೆ ಹೊತ್ತ ವೈನಿಯ ಹಿಂದೆ ನಾನು ತಲೆಯೆತ್ತದೆ ನಡೆದೆ.

ಅಜ್ಜಿ ಹೇಳಿದಂತೆ ಅಪ್ಪ ನಮ್ಮ ಡೇರೆ ಕಿತ್ತು ತೋಟದ ಇನ್ನೊಂದು ತುದಿಗೆ ಒಯ್ದ. ಹಗ್ಗ ಬಿಗಿಯಲು ಬರದೆ ಅದು ಅವನ ತಲೆಯ ಮೇಲೆಯೇ ಕುಸಿಯಿತು. ಸಂಜೆ ವೈನಿಯ ಗಂಡ ಬಂದು, ಏನೂ ಕೇಳದೆ, ನಗದೆ, ಸರಿಯಾಗಿ ಕಟ್ಟಿಕೊಟ್ಟ. ಅವನು ಗಂಟು ಹಾಕುವಾಗ ಅಪ್ಪ ಗೂಟ ಹಿಡಿದುಕೊಂಡು ಬೇರೆಲ್ಲೋ ನೋಡುತ್ತಿದ್ದ.

ಹೊರಡುವ ದಿನ ವೈನಿ ಒಣಗಿಸಿದ ಕೋಕಂ ಕಟ್ಟಿಕೊಟ್ಟಳು. ಅವ್ವ ಉಳಿದ ಒಣದ್ರಾಕ್ಷಿಯನ್ನೆಲ್ಲ ಅವಳ ಸೆರಗಿಗೆ ಸುರುವಿದಳು.

ಊರಿಗೆ ಬಂದ ಮೇಲೆ ಅಪ್ಪ ಎಲ್ಲರಿಗೂ ತೆರೆಗಳ ಕಥೆ ಹೇಳುತ್ತಿದ್ದ. ಅಜ್ಜಿ ನಡುವೆ ಬಾಯಿ ಹಾಕಿ ದೋಣಿಯ ವಿಷಯ ತೆಗೆದರೆ, ಹೊಲದಲ್ಲಿ ನೀರು ಬಿಟ್ಟು ಬಂದಿದ್ದೇನೆ ಎಂದು ಎದ್ದು ಹೋಗುತ್ತಿದ್ದ. ಮರುವರ್ಷ ತಮ್ಮ ಸಮುದ್ರಕ್ಕೆ ಹೋಗೋಣ ಎಂದು ಹಟ ಹಿಡಿದಾಗ ಅಪ್ಪ, ಬೇರೆ ಕಡೆ ಬಾಡಿಗೆಗೆ ಖೋಲಿ ಸಿಗುತ್ತವೆ ಎಂದ.

"ಹೋದ್ರ ಅಲ್ಲಿಗೇ ಹೋಗೂಣು," ಎಂದಳು ಅಜ್ಜಿ.

ಅಲ್ಲಿಗೆ ಹೋಗುವ ಮುಖ ಅಪ್ಪನಿಗಿರಲಿಲ್ಲ, ನನಗೂ ಇರಲಿಲ್ಲ. ಆ ಬೇಸಿಗೆಯನ್ನು ನಾವು ಹೊಳೆದಂಡೆಯಲ್ಲೇ ಕಳೆದೆವು.