ದ್ರೌಪದಮ್ಮನ ದಾಗಡಿ ಲೋಳೆ

ದ್ರೌಪದಮ್ಮನ ಬಗ್ಗೆ ಒಳ್ಳೆಯ ಮಾತು ಬರೆಯಲು ನನಗೆ ಇಂದಿಗೂ ಕೈ ಬರುವುದಿಲ್ಲ. ಆದರೂ ಬರೆಯುತ್ತಿದ್ದೇನೆ. ಅವಳನ್ನು ಕಂಡು ನನ್ನಷ್ಟು ಹೊಟ್ಟೆ ಉರಿಸಿಕೊಂಡವರು ಇನ್ನೊಬ್ಬರಿಲ್ಲ, ನನ್ನಷ್ಟು ಗಮನಿಸಿ ನೋಡಿದವರೂ ಇಲ್ಲ.

೧೯೭೯ರಲ್ಲಿ ನಾನು ಅಮೃತಹಳ್ಳಿಯ ಬಾಲವಾಡಿಗೆ ಟೀಚರಾಗಿ ಸೇರಿದೆ. ಗದಗಿನ ಕಡೆಯವಳು, ತರಬೇತಿ ಮುಗಿಸಿದವಳು. ಗಂಡನಿಗೆ ಯಶವಂತಪುರದ ಕಾರ್ಖಾನೆಯಲ್ಲಿ ಕೆಲಸ. ದ್ರೌಪದಮ್ಮ ಅಲ್ಲಿ ಉಪ್ಪಿಟ್ಟು ಬೇಯಿಸುವ ಆಯಾ. ಅದೇ ಊರಿನವಳು. ಹತ್ತು ವರ್ಷದ ಹುಡುಗಿಯಾಗಿದ್ದಾಗಲೇ ದ್ರಾಕ್ಷಿ ತೋಟದ ಕೂಲಿಗೆ ಹೋದವಳು, ಗಂಡ ಮುನಿಗಂಗಪ್ಪ ತೀರಿಕೊಂಡ ಮೇಲೆ ಬಾಲವಾಡಿಗೆ ಬಂದಿದ್ದಳು. ಹಾಜರಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದಳು.

ನನ್ನ ಮಗಳು ನೀಲಾ ಅದೇ ಬಾಲವಾಡಿಯಲ್ಲಿದ್ದಳು. ಐದು ತುಂಬಿದರೂ ಸ್ಲೇಟು ಹಿಡಿದರೆ ಬಾಯಿ ಬಿಡುತ್ತಿರಲಿಲ್ಲ. ಗದರಿದೆ, ಸ್ಕೇಲಿನಲ್ಲಿ ಹೊಡೆದೆ. ಊರ ಮಕ್ಕಳಿಗೆಲ್ಲ ಅಕ್ಷರ ಕಲಿಸಿದವಳಿಗೆ ಮನೆಯ ಮಗು ಒಲಿಯಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ನನ್ನ ಮಗಳಿಗೆ ನಾನೇ ಹಿತ್ತಲ ಗಿಡವಾಗಿದ್ದೆ.

ಒಂದು ದಿನ ಅಡುಗೆಕೋಣೆಯ ಹಿಂದೆ ಮಕ್ಕಳ ಸದ್ದೇ ಇರಲಿಲ್ಲ. ಹೋಗಿ ನೋಡಿದರೆ ದ್ರೌಪದಮ್ಮ ಬೇಲಿಯ ದಾಗಡಿ ಬಳ್ಳಿಯ ಎಲೆಗಳನ್ನು ನೀರಿನಲ್ಲಿ ಕಿವುಚಿ, ಬಟ್ಟೆಯಲ್ಲಿ ಸೋಸಿ, ಎರಡು ತಟ್ಟೆಗೆ ಸುರಿದಿದ್ದಳು. ಒಂದರಲ್ಲಿ ಮಕ್ಕಳು ಬೆರಳಾಡಿಸುತ್ತಿದ್ದರು, ಇನ್ನೊಂದನ್ನು ಯಾರೂ ಮುಟ್ಟಿರಲಿಲ್ಲ.

"ಈ ಸೊಪ್ಪಿನ ಲೋಳೆ ನೀರ್ನ ಇಡ್ಕಂತದೆ ಕಣ್ರಪ್ಪ. ಸುಮ್ಕೆ ಬಿಟ್ರೆ ಗಟ್ಟಿ ಆಯ್ತದೆ. ಕೈ ಆಡ್ಸಿದ್ರೆ ಇಂಗೇ ನೀರಾಗಿರ್ತದೆ."

ಸ್ವಲ್ಪ ಹೊತ್ತಿಗೆ ಮುಟ್ಟದ ತಟ್ಟೆಯ ನೀರು ಹಸಿರಾಗಿ ಹೆಪ್ಪುಗಟ್ಟಿ ನಡುಗತೊಡಗಿತು. ನೀಲಾ ಕಡ್ಡಿಯಿಂದ ಅದರ ಮೇಲೆ ಒಂದು ಅಕ್ಷರ ಕೊರೆದಳು.

"ಇದ್ಯಾವ್ದವ್ವ? ನಂಗೊತ್ತಿಲ್ಲ, ನೀನೇಳು," ಎಂದಳು ದ್ರೌಪದಮ್ಮ.

"ಇದು ಮ. ಮಳಿ ಅಂತೀವಲ್ಲ, ಅದರ ಮ," ಎಂದಳು ನನ್ನ ಮಗಳು. ನನ್ನೆದುರು ಒಂದು ವರ್ಷ ಮುಚ್ಚಿದ್ದ ಬಾಯಿ ಅದು. ಸಂತೋಷವಾಗಬೇಕಿತ್ತು. ಆಗಲಿಲ್ಲ.

ಮೂರು ತಿಂಗಳಲ್ಲಿ ನೀಲಾ ಪದಗಳನ್ನು ಓದತೊಡಗಿದಳು. ಆದರೆ ಅಡುಗೆಕೋಣೆಯಲ್ಲಿ ಮಾತ್ರ. ಮೇಲ್ವಿಚಾರಕಿ ವರಲಕ್ಷ್ಮಮ್ಮನವರಿಗೆ ಈ ಲೋಳೆಯ ಸುದ್ದಿ ಮುಟ್ಟಿದಾಗ, ಅದು ನನ್ನದೇ ಪಾಠವೆಂದು ಹೇಳಿಬಿಟ್ಟೆ. ನೋಡಲು ಬರುತ್ತೇನೆಂದರು. ಆ ದಿನ ದ್ರೌಪದಮ್ಮನಿಗೆ ರಜೆ ಕೊಟ್ಟು ಕಳಿಸಿದೆ. ಅವಳು ಏಕೆಂದು ಕೇಳಲಿಲ್ಲ, ಹೋಗುವ ಮೊದಲು ಎಲೆ ಕಿತ್ತು ಮೊರದ ತುಂಬ ಇಟ್ಟಿದ್ದಳು.

ವರಲಕ್ಷ್ಮಮ್ಮನವರ ಮುಂದೆ ಎಲೆ ಕಿವುಚಿದೆ, ಸೋಸಿದೆ, ಸುರಿದೆ. ಗಟ್ಟಿಯಾಯಿತೇ ಎಂದು ಬೆರಳು ಹಾಕಿದೆ. ಆಗಿರಲಿಲ್ಲ. ಮತ್ತೆ ಹಾಕಿದೆ. ಹತ್ತು ಸಲವಾದರೂ ಹಾಕಿರಬೇಕು. ತಟ್ಟೆಯಲ್ಲಿ ಬರೀ ಹಸಿರು ನೀರು.

ನೀಲಾ ಎದ್ದು ಬಂದು ನನ್ನ ಕೈ ಸರಿಸಿದಳು. "ಅವ್ವ, ಮುಟ್ಟಬ್ಯಾಡ. ಬಿಟ್ರ ತಾನ ಗಟ್ಟಿ ಆಗ್ತದ."

ಅವಳೇ ಬೇರೆ ಎಲೆ ಕಿವುಚಿ ಇಟ್ಟು, ಕೈಕಟ್ಟಿ ಕೂತಳು. ನಾವೂ ಕೂತೆವು. ಹೆಪ್ಪುಗಟ್ಟಿದ ಮೇಲೆ ತನ್ನ ಹೆಸರು ಬರೆದು ಓದಿದಳು.

"ಯಾರು ಕಲಿಸಿದ್ದು ಮರಿ?" ಎಂದು ಕೇಳಿದರು ವರಲಕ್ಷ್ಮಮ್ಮ.

"ಯಾರೂ ಇಲ್ಲ. ದ್ರೌಪದಮ್ಮಗ ಓದಾಕ ಬರೂದಿಲ್ರೀ. ನಾನ ಅಕಿಗೆ ಕಲಿಸಾಕತ್ತೀನಿ."

ವರಲಕ್ಷ್ಮಮ್ಮ ನನ್ನನ್ನು ನೋಡಿದರು, ತಮ್ಮ ಪುಸ್ತಕದಲ್ಲಿ ದ್ರೌಪದಮ್ಮನ ಹೆಸರು ಬರೆದುಕೊಂಡರು. ಮಾರನೆಯ ದಿನ ದ್ರೌಪದಮ್ಮ ಕೇಳಿದ್ದು ಒಂದೇ ಮಾತು. "ಗಟ್ಟಿ ಆಯ್ತಾ ಟೀಚರಮ್ಮ?" ಆಯಿತು ಎಂದೆ. ಹಾಜರಿ ಪುಸ್ತಕ ಮುಂದಿಟ್ಟೆ. ಹೆಬ್ಬೆಟ್ಟಿನ ಜಾಗದಲ್ಲಿ ಅವಳು ಸೊಟ್ಟಸೊಟ್ಟಾಗಿ ತನ್ನ ಹೆಸರು ಬರೆದಳು. ನನ್ನ ಮಗಳ ಕೈಬರಹವೇ ಅದು.

ಆ ಸಂಜೆ ಮನೆಯಲ್ಲಿ ನಾನೂ ಒಂದು ತಟ್ಟೆ ಲೋಳೆ ಮಾಡಿದೆ. ಈ ಸಲ ಮುಟ್ಟಲಿಲ್ಲ, ಚೆನ್ನಾಗಿ ಹೆಪ್ಪುಗಟ್ಟಿತು. ಒಂದು ಅಕ್ಷರ ಕೊರೆದು ನೀಲಾಳನ್ನು ಕರೆದೆ. "ಇದು ಯಾವುದವ್ವ? ನನಗ ಗೊತ್ತಿಲ್ಲ, ನೀನ ಹೇಳು."

ಅವಳು ತಟ್ಟೆಯನ್ನೂ ನನ್ನ ಮುಖವನ್ನೂ ನೋಡಿದಳು.

"ನಿನಗ ಗೊತ್ತೈತಿ," ಎಂದು ಹೇಳಿ ಆಡಲು ಹೋದಳು.