ರೌಟರಿಗೆ ಗಂಧ ಹಚ್ಚಿದವರು

ನಮ್ಮ ಯಜಮಾನರಿಗೆ ಅನುಮಾನವೇ ಉದ್ಯೋಗ. ಬೈಗುಳವಲ್ಲ, ನಿಜ. ಮೈಸೂರಿನ ರಾಮದಾಸರು ಇಪ್ಪತ್ತೆರಡು ವರ್ಷದಿಂದ ಮಲೇಷ್ಯಾದ ಒಂದು ರಬ್ಬರ್ ಕೈಗವಸಿನ ಕಾರ್ಖಾನೆಯಲ್ಲಿ ತಪಾಸಣೆಯವರು. ಗವಸಿನೊಳಗೆ ನೀರು ತುಂಬಿ ನೇತುಹಾಕುವುದು, ಎಲ್ಲಿ ಸೋರುತ್ತದೆ ಎಂದು ಕಣ್ಣು ಕಿರಿದು ಮಾಡಿ ನೋಡುವುದು. ಸಂಜೆ ಸುಬಾಂಗ್ ಜಯಾದ ನಮ್ಮ ಫ್ಲ್ಯಾಟಿಗೆ ಬಂದಮೇಲೂ ಅದೇ ಕಣ್ಣು. ಇಲ್ಲಿನ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನವನು ಚಹಾಕ್ಕೆ ನೀರು ಬೆರೆಸಿದ್ದಾನೆ, ಕೆಳಗಿನ ಅಂಚೆ ಡಬ್ಬದಲ್ಲಿ ಬಿದ್ದ ಕಾಗದವನ್ನು ಯಾರೋ ಒಡೆದು ಓದಿದ್ದಾರೆ, ನಾನು ಹುಳಿಗೆ ನಿನ್ನೆಯ ಬೇಳೆ ಸೇರಿಸಿದ್ದೇನೆ. ಕೊನೆಯದು ಒಮ್ಮೊಮ್ಮೆ ನಿಜವೂ ಹೌದು, ಬಿಡಿ.

ಎರಡು ಸಾವಿರದ ಇಪ್ಪತ್ತರಲ್ಲಿ ಕೊರೊನಾ ಬಂದು ಎಲ್ಲರೂ ಬಾಗಿಲು ಹಾಕಿಕೊಂಡ ಮೇಲೆ, ಇವರ ಅನುಮಾನಕ್ಕೆ ಉಳಿದದ್ದು ಪಕ್ಕದ ಮನೆಯ ಲಕ್ಷ್ಮಿ ಒಬ್ಬಳೇ. ತಮಿಳಿನವಳಾದರೂ ಬೆಂಗಳೂರಿನ ಹಲಸೂರಿನಲ್ಲಿ ಬೆಳೆದವಳು, ಕನ್ನಡ ಚೆನ್ನಾಗಿ ಬರುತ್ತದೆ. ಏಪ್ರಿಲ್‌ನಲ್ಲಿ ಅವಳ ಗಂಡ ಆಸ್ಪತ್ರೆ ಸೇರಿದರು. ನೋಡಲು ಯಾರನ್ನೂ ಬಿಡುತ್ತಿರಲಿಲ್ಲ, ಫೋನಿನಲ್ಲಾದರೂ ನೋಡೋಣವೆಂದರೆ ಅವಳ ಮನೆಯಲ್ಲಿ ಆಗ ವೈಫೈ ಇರಲಿಲ್ಲ. ‘ಒಂದು ದಿನಕ್ಕೆ’ ಎಂದು ಇವರೇ ನಮ್ಮ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಟ್ಟರು. ಗಂಡ ಹೋಗಿಬಿಟ್ಟರು. ಆಮೇಲೆ ಅವಳು ತನ್ನದೇ ಸಂಪರ್ಕ ಹಾಕಿಸಿಕೊಂಡಳು, ಆದರೂ ಇವರಿಗೆ ಆ ಚೀಟಿಯದೇ ಚಿಂತೆ. ಟೀವಿಯಲ್ಲಿ ಚಿತ್ರ ಒಂದು ಕ್ಷಣ ನಿಂತರೆ ಸಾಕು, “ಪಕ್ಕದ್ಮನೇಲಿ ಹೀರ್ತಾ ಇದಾಳೆ ಕಣೇ” ಎನ್ನುತ್ತಿದ್ದರು. ಪಾಸ್‌ವರ್ಡ್ ಬದಲಾಯಿಸಿ ಎಂದರೆ, ಬದಲಾಯಿಸಿದರೆ ಕಳ್ಳ ಸಿಕ್ಕಿಬೀಳುವುದು ಹೇಗೆ ಎಂದು ನನಗೇ ತಿರುಗುಬಾಣ!

ಅಕ್ಟೋಬರಿನಲ್ಲಿ ಆಯುಧಪೂಜೆ ಬಂತು. ನಮ್ಮ ಮನೆಯಲ್ಲಿ ಆಯುಧ ಎಂದರೆ ಇನ್ನೇನಿದೆ? ನನ್ನ ಈಳಿಗೆಮಣೆ, ಮಗಳು ಇಂಚರಳ ಲ್ಯಾಪ್‌ಟಾಪು, ರೌಟರು. “ಯಾರೂ ಮುಟ್ಬೇಡಿ” ಎಂದು ನಮ್ಮಿಬ್ಬರನ್ನೂ ಅಡುಗೆಮನೆಗೆ ಅಟ್ಟಿದರು. ತಾವೇ ರೌಟರಿನ ವೈರೆಲ್ಲ ಕಿತ್ತು, ಒರೆಸಿ, ಗಂಧ ಕುಂಕುಮ ಹಚ್ಚಿ, ಸೇವಂತಿಗೆ ಮುಡಿಸಿ, ಅದೇ ಕೈಯಲ್ಲಿ ವೈರುಗಳನ್ನು ಮತ್ತೆ ಸಿಕ್ಕಿಸಿದರು. ಪೂಜೆಗಿಟ್ಟದ್ದನ್ನು ಮರುದಿನದವರೆಗೆ ಬಳಸಬಾರದಲ್ಲ, ಸ್ವಿಚ್ಚು ಹಾಕಲಿಲ್ಲ.

ಮರುದಿನ ವಿಜಯದಶಮಿ. ಬೆಳಿಗ್ಗೆ ಹತ್ತಕ್ಕೆ ಇಂಚರಳಿಗೆ ಲ್ಯಾಪ್‌ಟಾಪಿನಲ್ಲೇ ಕೊನೆಯ ವರ್ಷದ ಮೌಖಿಕ ಪರೀಕ್ಷೆ, ತಪ್ಪಿದರೆ ಆರು ತಿಂಗಳು ಹೋಯಿತು. ಆರತಿ ಆಗದೆ ಸ್ವಿಚ್ಚು ಮುಟ್ಟಕೂಡದೆಂದು ಇವರ ಕಟ್ಟಪ್ಪಣೆ. ಒಂಬತ್ತೂವರೆಗೆ ಆರತಿ ಮುಗಿಸಿ, ಹೂ ತೆಗೆದು ಸ್ವಿಚ್ಚು ಹಾಕಿದರೆ, ಉಳಿದ ದೀಪವೆಲ್ಲ ಹಸಿರು, ಇಂಟರ್ನೆಟ್ಟಿನದು ಮಾತ್ರ ಕೆಂಪು!

ಆರಿಸಿ ಮತ್ತೆ ಹಾಕಿದರು. ಕೆಂಪು. ಕಂಪನಿಗೆ ಫೋನ್ ಮಾಡಿದರು. ಬರೀ ಹಾಡು. ಮೊಬೈಲ್ ಸಿಗ್ನಲ್ಲು ನಮ್ಮಲ್ಲಿ ಬಚ್ಚಲಿನ ಕಿಟಕಿಯ ಹತ್ತಿರ ಮಾತ್ರ, ಅದೂ ಒಂದೇ ಕಡ್ಡಿ.

“ಅಪ್ಪಾ, ಡೂ ಸಂಥಿಂಗ್ ಲಾ!” ಮಾತಿನ ಕೊನೆಗೆ ಇಲ್ಲಿಯವರಂತೆ ‘ಲಾ’ ಸೇರಿಸುವ ಮಗಳು ಅಳುವುದೊಂದು ಬಾಕಿ.

“ಅವಳದೇ ಕೆಲ್ಸ ಇದು” ಎಂದವರೇ ಮಾಸ್ಕು ಏರಿಸಿಕೊಂಡು ಹೋಗಿ ಲಕ್ಷ್ಮಿಯ ಗ್ರಿಲ್ ಬಾಗಿಲು ಬಡಿದರು. “ನಮ್ಮ ವೈಫೈ ಬಿಟ್ಬಿಡಮ್ಮ. ಮಗು ಪರೀಕ್ಷೆ ಇದೆ.”

ನನಗೆ ನಾಚಿಕೆಯಿಂದ ನೆಲ ಬಾಯಿಬಿಡಬಾರದೇ ಅನಿಸಿತು. ಲಕ್ಷ್ಮಿ ಗ್ರಿಲ್ಲಿನ ಬೀಗ ತೆಗೆದಳು.

“ಎಷ್ಟೊತ್ತಿಗೆ ಪರೀಕ್ಷೆ?”

“ಹತ್ತಕ್ಕೆ.”

ಅವಳು ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಎರಡೂ ಮನೆಗಳ ನಡುವೆ ಹಾಕಿದಳು. ಇಂಚರಳನ್ನು ಕೂರಿಸಿ, ತನ್ನ ಪಾಸ್‌ವರ್ಡನ್ನು ಒಂದೊಂದೇ ಅಕ್ಷರವಾಗಿ ಹೇಳಿದಳು.

“ಇಷ್ಟು ಸಲೀಸಾಗಿ ಯಾಕೆ ಕೊಟ್ಲು? ಏನೋ ಇದೆ” ಎಂದು ಇವರು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

“ರೀ, ಬಾಯ್ಮುಚ್ಕೊಂಡು ಒಳಗೆ ಬನ್ನಿ.”

ಒಳಗೆ ಬಂದವರು ಟಾರ್ಚು ಹಿಡಿದು ಸಾಕ್ಷಿ ಹುಡುಕಲು ಕೂತರು. ರೌಟರಿನ ಬೆನ್ನಿನಲ್ಲಿ ನಾಲ್ಕು ಹಳದಿ ತೂತು, ಒಂದು ನೀಲಿ. ಗೋಡೆಯ ಡಬ್ಬಿಯಿಂದ ಬರುವ ಹಳದಿ ವೈರು ಯಾವಾಗಲೂ ನೀಲಿಯದರಲ್ಲಿ ಇರುತ್ತಿತ್ತು. ಈಗ ಹಳದಿಯದರಲ್ಲಿತ್ತು. ಬಣ್ಣ ನೋಡಿ ಜೋಡಿಸಿದ್ದಾರೆ, ಪುಣ್ಯಾತ್ಮರು!

“ನೀನೇನಾದ್ರೂ ಮುಟ್ಟಿದ್ಯಾ?”

ಮೈಯೆಲ್ಲ ಉರಿದುಹೋಯಿತು. ವೈರಿನ ತುದಿಯನ್ನು ಕಿತ್ತು ಅವರ ಕನ್ನಡಕದ ಮುಂದೆ ಹಿಡಿದೆ. ಅದರ ಮೇಲೆ ಒಣಗಿದ ಗಂಧದಲ್ಲಿ ಹೆಬ್ಬೆರಳಿನ ಗುರುತು. ಗಂಧ ತೇದವರೂ ಹಚ್ಚಿದವರೂ ಅವರೊಬ್ಬರೇ. ನನ್ನ ಕೈಯಿಂದ ವೈರನ್ನು ತೆಗೆದುಕೊಂಡು ನೀಲಿ ತೂತಿಗೆ ಹಾಕಿದರು. ಎರಡು ನಿಮಿಷದಲ್ಲಿ ದೀಪ ಹಸಿರಾಯಿತು.

ಹನ್ನೊಂದಕ್ಕೆ ಇಂಚರ ಹೊರಗಿನಿಂದಲೇ “ಅಮ್ಮಾ, ಪಾಸ್!” ಎಂದು ಕೂಗಿದಳು. ನಾನು ಕಡಲೆ ಉಸಲಿಯ ಡಬ್ಬಿಯನ್ನು ಇವರ ಕೈಗಿಟ್ಟೆ. “ನೀವೇ ಕೊಟ್ಟು ಬನ್ನಿ.” ಹಿಂದೆಯೇ ಹೋಗಿ ನಿಂತೆ, ನನಗೂ ಇವರ ಮೇಲೆ ನಂಬಿಕೆ ಅಷ್ಟಕ್ಕಷ್ಟೆ.

“ತಪ್ಪಾಯ್ತಮ್ಮ. ವೈರು ನಾನೇ ತಪ್ಪು ಹಾಕಿದ್ದೆ. ನೀನು ಆ ಚೀಟಿ ಇಟ್ಕೊಂಡು...”

“ಅದನ್ನ ಅವತ್ತೇ ಹರಿದುಹಾಕ್ದೆ ಅಣ್ಣಾ” ಎಂದಳು ಲಕ್ಷ್ಮಿ. “ನಮ್ಮವ್ರ ಮುಖ ಕೊನೇ ಸಲ ನೋಡಿದ್ದು ನಿಮ್ಮನೆ ವೈಫೈನಲ್ಲಿ. ಆಮೇಲೆ ಅದ್ರಲ್ಲಿ ಇನ್ನೇನು ನೋಡ್ಲಿ?”

ಮದುವೆಯಾದ ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ ನಮ್ಮ ಯಜಮಾನರು ಮರುಪ್ರಶ್ನೆ ಕೇಳಲಿಲ್ಲ. ಗ್ರಿಲ್ಲಿನ ಸರಳು ಹಿಡಿದು ನಿಂತೇ ಇದ್ದರು, ಮಾಸ್ಕಿನ ಮೇಲಂಚು ಒದ್ದೆಯಾಗಿತ್ತು. ಡಬ್ಬಿ ಕೊಡುವುದನ್ನೂ ಮರೆತು ಒಳಗೆ ಬಂದುಬಿಟ್ಟರು. ನಾನೇ ಹೋಗಿ ಕೊಟ್ಟೆ.